ಹೆಪ್ಟನ್‌ಸ್ಟಾಲ್: ಗುಡ್ಡದ ಮೇಲಿನ ನೇಕಾರರ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೀಡ್ಸ್‌ನ ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ನಾನು ಒಂದು ದಿನ ಈ ಊರಿಗೆ ಕರೆದುಕೊಂಡು ಹೋಗುತ್ತೇನೆ. ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಒಂದೇ ಥರದ ಪ್ರಶ್ನೆಗಳು. ಪ್ರತಿ ಸಲ ಏದುಸಿರು ಬಿಡುತ್ತಾ ಏರಿನಲ್ಲಿ ಉತ್ತರ ಹೇಳುವುದಕ್ಕಿಂತ ಬರೆದಿಟ್ಟುಬಿಡುವುದೇ ವಾಸಿ ಅನ್ನಿಸಿತು.

ಎಲ್ಲಿದೆ ಈ ಊರು?

ಉತ್ತರ ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರ್‌ನಲ್ಲಿ. ಲೀಡ್ಸ್‌ಗೂ ಮ್ಯಾಂಚೆಸ್ಟರ್‌ಗೂ ನಡುವೆ ಪೆನ್ನೈನ್ ಬೆಟ್ಟಸಾಲು ಇದೆ. ಆ ಬೆಟ್ಟಗಳನ್ನು ಸೀಳಿಕೊಂಡು ಕಾಲ್ಡರ್ ನದಿ ಹರಿಯುತ್ತದೆ. ಕಣಿವೆಯ ತಳದಲ್ಲಿ ಹೆಬ್ಡನ್ ಬ್ರಿಡ್ಜ್ ಅನ್ನುವ ಪೇಟೆ. ಅಲ್ಲಿ ನಿಂತು ಕತ್ತೆತ್ತಿ ನೋಡಿದರೆ ಮರಗಳ ಮೇಲೆ ಒಂದು ಚರ್ಚ್ ಗೋಪುರ ಕಾಣುತ್ತದೆ. ಅದೇ ಹೆಪ್ಟನ್‌ಸ್ಟಾಲ್. ಸಮುದ್ರ ಮಟ್ಟದಿಂದ ಸುಮಾರು 260 ಮೀಟರ್ ಎತ್ತರ. ನಮ್ಮ ಲೆಕ್ಕದಲ್ಲಿ ಅದೇನು ಮಹಾ ಎತ್ತರ ಅನ್ನಬೇಡಿ. ಕೆಳಗಿನಿಂದ ನಡೆದುಕೊಂಡು ಹತ್ತಿ ನೋಡಿ, ಆಮೇಲೆ ಮಾತಾಡೋಣ.

ಹೆಸರಿಗೆ ಏನಾದರೂ ಅರ್ಥ ಇದೆಯಾ?

ಇದೆ. ಹಳೆ ಇಂಗ್ಲಿಷ್‌ನಲ್ಲಿ ಕಾಡುಗುಲಾಬಿಯ ಕೆಂಪು ಕಾಯಿಗೆ ಇದ್ದ ಪದ ಈ ಹೆಸರಿನ ಮೊದಲ ಭಾಗದಲ್ಲಿದೆ ಅನ್ನುತ್ತಾರೆ. ಕೊನೆಯ ಭಾಗಕ್ಕೆ ಹೊಲಮನೆ ಇರುವ ಜಾಗ ಎಂದು ಅರ್ಥ. ಕೆಳಗಿನ ಹೆಬ್ಡನ್ ಅನ್ನುವ ಹೆಸರಿನಲ್ಲೂ ಅದೇ ಕಾಯಿ ಇದೆ. ಇನ್ನೊಂದು ವಿಷಯ. ಊರಿನ ಮುಖ್ಯ ಬೀದಿಯ ಹೆಸರು ಟೌನ್‌ಗೇಟ್. ಬಂದವರೆಲ್ಲ ಗೇಟು ಎಲ್ಲಿ ಅಂತ ಹುಡುಕುತ್ತಾರೆ. ಗೇಟು ಗೀಟು ಏನೂ ಇಲ್ಲ. ಸಾವಿರ ವರ್ಷದ ಹಿಂದೆ ಈ ಕಡೆ ಬಂದು ನೆಲೆಸಿದ ವೈಕಿಂಗ್ ಜನರ ಭಾಷೆಯಲ್ಲಿ ‘ಗಾಟ’ ಅಂದರೆ ಬೀದಿ. ಅದೇ ಉಳಿದುಕೊಂಡಿದೆ.

ಕೆಳಗೆ ನದಿ ಇರುವಾಗ ಗುಡ್ಡದ ಮೇಲೆ ಯಾಕೆ ಊರು ಕಟ್ಟಿದರು?

ಎಲ್ಲರೂ ಕೇಳುವ ಪ್ರಶ್ನೆ ಇದು, ನನಗೂ ಬಹಳ ಇಷ್ಟದ್ದು. ನಮಗೆ ಈಗ ಪೇಟೆ ಅಂದರೆ ಕೆಳಗಿನದು, ಹಳ್ಳಿ ಅಂದರೆ ಮೇಲಿನದು. ಆದರೆ ಇತಿಹಾಸ ತಿರುಗುಮುರುಗು. ಮೊದಲು ಇದ್ದದ್ದು ಮೇಲಿನ ಊರು. ಕೆಳಗೆ ಇದ್ದದ್ದು ಬರೀ ಒಂದು ಸೇತುವೆ.

ಆ ಕಾಲದಲ್ಲಿ ಕಣಿವೆಯ ತಳ ಪೂರ್ತಿ ಜೌಗು, ದಟ್ಟ ಕಾಡು. ಗುಡ್ಡದ ನೆತ್ತಿಯಲ್ಲಿ ಗಾಳಿ ಹೊಡೆಯುವ ಬೋಳು ಬಯಲು, ಏನೂ ಬೆಳೆಯದು. ಇವೆರಡರ ನಡುವೆ ಕಪಾಟಿನ ಹಲಗೆಯ ಹಾಗೆ ಸ್ವಲ್ಪ ಸಮತಟ್ಟು ಜಾಗ ಇದೆ. ಜನ ಅಲ್ಲಿ ನೆಲೆಸಿದರು. ಹ್ಯಾಲಿಫ್ಯಾಕ್ಸ್‌ನಿಂದ ಬರ್ನ್‌ಲಿ ಕಡೆಗೆ ಹೇರು ಹೊತ್ತ ಕುದುರೆಗಳ ಸಾಲು ಹೋಗುತ್ತಿದ್ದದ್ದೂ ಈ ಊರಿನ ಮೇಲೆಯೇ. ಕೆಳಗೆ ಹೊಳೆ ದಾಟಲು 1510ರ ಸುಮಾರಿಗೆ ಕಲ್ಲಿನ ಸೇತುವೆ ಕಟ್ಟಿದರು. ಆ ಸೇತುವೆಯಿಂದಲೇ ಪೇಟೆಗೆ ಹೆಬ್ಡನ್ ಬ್ರಿಡ್ಜ್ ಅನ್ನುವ ಹೆಸರು. ಸೇತುವೆ ಇಂದಿಗೂ ಗಟ್ಟಿಯಾಗಿದೆ. ಅಲ್ಲಿಂದ ನೇರ ಮೇಲಕ್ಕೆ ಏರುವ ಕಲ್ಲುಹಾಸಿನ ಕಡಿದಾದ ದಾರಿಗೆ ಬಟ್ರೆಸ್ ಎಂದು ಹೆಸರು.

ಆಮೇಲೆ ಕಾಲ ಬದಲಾಯಿತು. ಯಂತ್ರ ತಿರುಗಿಸಲು ಹರಿಯುವ ನೀರು ಬೇಕಾಯಿತು, ಗಿರಣಿಗಳು ಹೊಳೆಯ ಪಕ್ಕಕ್ಕೆ ಹೋದವು. ರಾಚ್‌ಡೇಲ್ ಕಾಲುವೆ 1804ರಲ್ಲಿ ಪೂರ್ತಿ ತೆರೆಯಿತು. 1840ರಲ್ಲಿ ರೈಲು ಮಾರ್ಗ ಬಂತು. ಎಲ್ಲವೂ ಕೆಳಗೆ. ಮೇಲಿನ ಊರನ್ನು ಯಾರೂ ಕೆಡವಲಿಲ್ಲ, ಕೆಡವುವ ಅಗತ್ಯವೇ ಬೀಳಲಿಲ್ಲ. ದುಡ್ಡಿದ್ದಿದ್ದರೆ ಹಳೆ ಮನೆ ಕೆಡವಿ ಹೊಸದು ಕಟ್ಟಿರುತ್ತಿದ್ದರು, ಅಲ್ವಾ? ದುಡ್ಡೆಲ್ಲ ಗುಡ್ಡ ಇಳಿದು ಹೋಗಿದ್ದರಿಂದ ಕಲ್ಲು ಹಾಗೇ ಉಳಿಯಿತು.

ಮನೆಗಳಿಗೆ ಇಷ್ಟೊಂದು ಕಿಟಕಿ ಯಾಕೆ?

ಮಗ್ಗಕ್ಕೆ. ಮನೆಗಳ ಮೇಲಂತಸ್ತು ನೋಡಿ. ಐದು, ಆರು, ಎಂಟು ಕಿಟಕಿಗಳು ಸಾಲಾಗಿ, ಮಧ್ಯೆ ತೆಳ್ಳಗಿನ ಕಲ್ಲಿನ ಕಂಬ ಮಾತ್ರ. ಮಗ್ಗ ಇದ್ದದ್ದು ಆ ಮೇಲಿನ ಕೋಣೆಯಲ್ಲಿ. ಯಾರ್ಕ್‌ಶೈರ್‌ನ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಮೇಣದಬತ್ತಿ ದುಬಾರಿ. ಹಾಸಿನಲ್ಲಿ ಒಂದು ಎಳೆ ತುಂಡಾದರೂ ಕಣ್ಣಿಗೆ ಕಾಣಬೇಕು. ಹಾಗಾಗಿ ಸಿಕ್ಕಷ್ಟು ಬೆಳಕನ್ನು ಒಳಗೆ ಎಳೆದುಕೊಳ್ಳಲು ಗೋಡೆಗಿಂತ ಕಿಟಕಿಯೇ ಜಾಸ್ತಿ.

ಇಲ್ಲಿ ನೇಯುತ್ತಿದ್ದದ್ದು ಕರ್ಸಿ ಅನ್ನುವ ಒರಟು ಉಣ್ಣೆ ಬಟ್ಟೆ. ಮನೆಯವರೆಲ್ಲ ಕೆಲಸಕ್ಕೆ. ಮಕ್ಕಳು ಉಣ್ಣೆ ಹಿಂಜುವುದು, ಹೆಂಗಸರು ರಾಟೆಯಲ್ಲಿ ನೂಲುವುದು, ಗಂಡಸು ಮಗ್ಗದಲ್ಲಿ ಕೂರುವುದು. ಒಬ್ಬ ನೇಕಾರನಿಗೆ ನೂಲು ಒದಗಿಸಲು ನಾಲ್ಕೈದು ಜನ ನೂಲಬೇಕು. ಜೊತೆಗೆ ಒಂದೆರಡು ಹಸು, ಒಂಚೂರು ಓಟ್ಸ್ ಹೊಲ. ಭೂಮಿಯೊಂದರಿಂದಲೇ ಹೊಟ್ಟೆ ತುಂಬದು, ಮಗ್ಗವೊಂದರಿಂದಲೂ ತುಂಬದು, ಎರಡೂ ಬೇಕು.

ಬಟ್ಟೆಯ ಜಿಡ್ಡು ತೆಗೆಯಲು ಹಳಸಿದ ಮೂತ್ರ ಬಳಸುತ್ತಿದ್ದರು. ಮನೆಮನೆಯಲ್ಲೂ ಹಂಡೆಯಲ್ಲಿ ಕೂಡಿಡುತ್ತಿದ್ದರು. ಇದನ್ನು ಹೇಳಿದ ಕೂಡಲೇ ನನ್ನ ಜೊತೆ ಬಂದ ಮಕ್ಕಳಿಗೆ ಇತಿಹಾಸದಲ್ಲಿ ಆಸಕ್ತಿ ಹುಟ್ಟುತ್ತದೆ. ಒಗೆದ ಬಟ್ಟೆಯನ್ನು ಆಮೇಲೆ ಬಯಲಿನಲ್ಲಿ ಮರದ ಚೌಕಟ್ಟಿಗೆ ಕೊಕ್ಕೆ ಸಿಕ್ಕಿಸಿ, ಎಳೆದು ಕಟ್ಟಿ ಒಣಗಿಸುತ್ತಿದ್ದರು.

1555ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಹ್ಯಾಲಿಫ್ಯಾಕ್ಸ್ ಸೀಮೆಗೆಂದೇ ಒಂದು ಕಾಯ್ದೆ ಮಾಡಿತು. ಈ ಬಂಜರು ನೆಲದ ಬಡವರು ಸ್ವಲ್ಪ ಸ್ವಲ್ಪ ಉಣ್ಣೆ ಕೊಂಡು, ತಲೆ ಮೇಲೆ, ಬೆನ್ನ ಮೇಲೆ ಹೊತ್ತು ಮೈಲಿಗಟ್ಟಲೆ ನಡೆದು ಮನೆಗೆ ಬರುತ್ತಾರೆ, ಅವರಿಗೆ ಚಿಲ್ಲರೆಯಾಗಿ ಉಣ್ಣೆ ಮಾರುವವರನ್ನು ತಡೆಯಬೇಡಿ ಅನ್ನುವುದು ಅದರ ಸಾರ. ಸರ್ಕಾರಿ ಕಾಗದದಲ್ಲಿ ಬಡವನ ಬೆನ್ನಿನ ಪ್ರಸ್ತಾಪ ಬರುವುದು ಅಪರೂಪ. ನನಗೆ ಆ ಕಾಯ್ದೆಯ ಮೇಲೆ ಒಂದು ರೀತಿಯ ಮಮತೆ.

ನೇಯ್ದ ಬಟ್ಟೆ ಎಲ್ಲಿ ಮಾರುತ್ತಿದ್ದರು?

ಊರಿನಲ್ಲೇ. 1545 ಮತ್ತು 1558ರ ನಡುವೆ ಕಟ್ಟಿದ ಬಟ್ಟೆ ಮಾರಾಟದ ಮನೆ, ಕ್ಲಾತ್ ಹಾಲ್, ಇಲ್ಲಿ ಇನ್ನೂ ನಿಂತಿದೆ. ಈಗ ಅದು ಯಾರದೋ ಸ್ವಂತ ಮನೆ, ಹೊರಗಿನಿಂದ ನೋಡಿ ಬನ್ನಿ, ಬಾಗಿಲು ತಟ್ಟಬೇಡಿ. ಮುಂದೆ ವ್ಯಾಪಾರ ಹ್ಯಾಲಿಫ್ಯಾಕ್ಸ್ ಕಡೆ ವಾಲಿತು. ಅಲ್ಲಿ 1779ರಲ್ಲಿ ತೆರೆದ ಪೀಸ್ ಹಾಲ್‌ನಲ್ಲಿ 315 ಕೋಣೆಗಳಿದ್ದವು, ಬಟ್ಟೆ ವ್ಯಾಪಾರಕ್ಕೆಂದೇ. ಬಿಡುವಿದ್ದರೆ ಅದನ್ನೂ ನೋಡಿ.

ಒಂದೇ ಅಂಗಳದಲ್ಲಿ ಎರಡು ಚರ್ಚ್ ಯಾಕೆ?

ಹಳೆಯದು ಸಂತ ಥಾಮಸ್ ಬೆಕೆಟ್ ಹೆಸರಿನದು, 1260ರ ಸುಮಾರಿನದು. 1847ರಲ್ಲಿ ದೊಡ್ಡ ಬಿರುಗಾಳಿ ಬಂದು ಗೋಪುರಕ್ಕೆ ಪೆಟ್ಟಾಯಿತು. ದುರಸ್ತಿ ಮಾಡುವ ಬದಲು ಪಕ್ಕದಲ್ಲೇ ಹೊಸ ಚರ್ಚ್ ಕಟ್ಟಿದರು, 1854ಕ್ಕೆ ಮುಗಿಯಿತು. ಅದು ಸಂತ ಥಾಮಸ್ ಅನ್ನುವ ಹೆಸರಿನದೇ, ಆದರೆ ಬೇರೆ ಥಾಮಸ್, ಏಸುವಿನ ಶಿಷ್ಯ. ನಮ್ಮ ಚೆನ್ನೈ, ಕೇರಳಕ್ಕೆ ಬಂದಿದ್ದ ಅನ್ನುತ್ತಾರಲ್ಲ, ಅವನೇ.

ಹಳೆಯದಕ್ಕೆ ಈಗ ಚಾವಣಿ ಇಲ್ಲ. ಕಮಾನುಗಳ ಸಾಲು, ಗೋಪುರ, ನೆಲದಲ್ಲಿ ಹುಲ್ಲು. ಅಂಗಳದ ತುಂಬ ಸಮಾಧಿ ಕಲ್ಲುಗಳು ಮಲಗಿವೆ, ಚಪ್ಪಡಿ ಹಾಸಿದ ಹಾಗೆ ಒಂದಕ್ಕೊಂದು ಅಂಟಿಕೊಂಡು. ಅವುಗಳ ಮೇಲೆಯೇ ನಡೆಯಬೇಕು. ನಮ್ಮವರಿಗೆ ಕಾಲಿಡಲು ಮೊದಲು ಮುಜುಗರ. ನನ್ನ ಅಮ್ಮ ಚಪ್ಪಲಿ ಬಿಟ್ಟು ನಡೆದರು, ಆ ಚಳಿಯಲ್ಲಿ! ಮಳೆ ಬಂದು ನಿಂತ ಮೇಲೆ ಹೋದರೆ ಕೆತ್ತಿದ ಅಕ್ಷರಗಳಲ್ಲಿ ನೀರು ನಿಂತು ಹೆಸರುಗಳು ಚೆನ್ನಾಗಿ ಓದಲು ಬರುತ್ತವೆ.

ಇಲ್ಲಿ ಯುದ್ಧ ಆಗಿತ್ತಂತೆ, ನಿಜವಾ?

ನಿಜ. ರಾಜನ ಕಡೆಯವರಿಗೂ ಪಾರ್ಲಿಮೆಂಟಿನ ಕಡೆಯವರಿಗೂ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಊರು ಪಾರ್ಲಿಮೆಂಟಿನ ಕಡೆ. 1643ರ ನವೆಂಬರ್ ಮೊದಲಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿದ್ದ ರಾಜನ ಪಡೆ ಬಟ್ರೆಸ್ ಏರಿ ಬಂತು. ಮೇಲಿನವರು ಬಂಡೆಗಳನ್ನು ಉರುಳಿಬಿಟ್ಟರು. ಆ ಇಳಿಜಾರು ನೋಡಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಓಡಿದವರಲ್ಲಿ ಹಲವರು ಮಳೆಗೆ ಉಕ್ಕಿದ್ದ ಹೊಳೆಯ ಪಾಲಾದರು. ಎರಡು ತಿಂಗಳ ಮೇಲೆ, 1644ರ ಜನವರಿಯಲ್ಲಿ, ರಾಜನ ಕಡೆಯವರು ಇನ್ನೂ ದೊಡ್ಡ ಪಡೆ ಕಟ್ಟಿಕೊಂಡು ಬಂದರು. ಕಾವಲಿನವರು ಅಷ್ಟರಲ್ಲಿ ಜಾಗ ಖಾಲಿ ಮಾಡಿದ್ದರು. ಸಿಟ್ಟು ಮನೆಗಳ ಮೇಲೆ ತೀರಿತು, ಬೆಂಕಿ ಇಟ್ಟರು.

‘ರಾಜ ಡೇವಿಡ್’ ಯಾರು? ಸಮಾಧಿ ಮೇಲೆ ಯಾಕೆ ಚಿಲ್ಲರೆ ಕಾಸು?

ರಾಜನೂ ಅಲ್ಲ, ಬೈಬಲ್ಲಿನವನೂ ಅಲ್ಲ. ಡೇವಿಡ್ ಹಾರ್ಟ್ಲಿ ಖೋಟಾ ನಾಣ್ಯ ಮಾಡುವವರ ಮುಖಂಡ. ಕಣಿವೆಯ ಆಚೆ ಬದಿ, ಕ್ರ್ಯಾಗ್ ವೇಲ್ ಮೇಲಿನ ಬೆಲ್ ಹೌಸ್ ಅನ್ನುವ ಒಂಟಿ ಮನೆಯವನು.

1760ರ ದಶಕದಲ್ಲಿ ಬಟ್ಟೆ ವ್ಯಾಪಾರ ಬಿದ್ದುಹೋಗಿತ್ತು. ಮಗ್ಗದವರ ಕೈಯಲ್ಲಿ ಕೆಲಸ ಇಲ್ಲ. ಚಲಾವಣೆಯಲ್ಲಿದ್ದ ಚಿನ್ನದ ನಾಣ್ಯಗಳೋ ಸವೆದು ತೂಕ ಕಳೆದುಕೊಂಡಿದ್ದವು. ಸರ್ಕಾರ ತಲೆ ಕೆಡಿಸಿಕೊಂಡಿರಲಿಲ್ಲ. ತೂಕ ಕಮ್ಮಿ ಇದ್ದರೂ ಜನ ನಾಣ್ಯವನ್ನು ತೆಗೆದುಕೊಳ್ಳುತ್ತಿದ್ದರು. ಇವರು ಅದೇ ಸಂದಿಯಲ್ಲಿ ನುಗ್ಗಿದರು.

ಕೆಲಸ ಹೀಗೆ. ನಿಮ್ಮ ಹತ್ತಿರ ಒಂದು ಗಿನಿ ಇದೆ ಅನ್ನಿ, ಅಂದರೆ 21 ಶಿಲಿಂಗ್. ಅದನ್ನು ಹಾರ್ಟ್ಲಿ ಕಡೆಯವರಿಗೆ ಕೊಡುತ್ತೀರಿ. ಅವರು ಅಂಚನ್ನು ಸಣ್ಣಗೆ ಕತ್ತರಿಸಿ, ಅರ ಹಾಕಿ, ಮತ್ತೆ ಅಂಚಿನ ಗೆರೆ ಕೊರೆದು ವಾಪಸ್ ಕೊಡುತ್ತಾರೆ. ನಾಣ್ಯ ನಿಮ್ಮದೇ, ಸ್ವಲ್ಪ ಸೊರಗಿದೆ, ಅಷ್ಟೇ. ಸಾಲ ಕೊಟ್ಟದ್ದಕ್ಕೆ ನಿಮಗೂ ಪಾಲು. ಉದುರಿದ ಚಿನ್ನದ ಪುಡಿಯನ್ನೆಲ್ಲ ಸೇರಿಸಿ ಕರಗಿಸಿ, ಅಚ್ಚು ಒತ್ತಿ, ಪೋರ್ಚುಗಲ್ಲಿನ ಮೊಯ್ಡೋರ್ ನಾಣ್ಯದ ನಕಲು ಮಾಡುತ್ತಿದ್ದರು. ಆಗ ಇಂಗ್ಲೆಂಡಿನಲ್ಲಿ ಅದೂ 27 ಶಿಲಿಂಗಿಗೆ ಓಡುತ್ತಿತ್ತು. ಪರದೇಶದ ನಾಣ್ಯ, ಹತ್ತಿರದಿಂದ ನೋಡಿದವರು ಕಮ್ಮಿ. ಸುತ್ತಲಿನ ಹೆಂಡದಂಗಡಿಯವರು, ರೈತರು, ವ್ಯಾಪಾರಿಗಳು ಬಹಳ ಜನ ಇದರಲ್ಲಿ ಕೈಯಾಡಿಸಿದ್ದರು.

ವಿಲಿಯಂ ಡೈಟನ್ ಎಂಬ ಅಬಕಾರಿ ಅಧಿಕಾರಿ ಬೆನ್ನು ಹತ್ತಿದ. ಒಳಗಿನವನೊಬ್ಬ ಬಾಯಿಬಿಟ್ಟ. 1769ರ ಅಕ್ಟೋಬರ್‌ನಲ್ಲಿ ಹಾರ್ಟ್ಲಿ ಸಿಕ್ಕಿಬಿದ್ದ. ಮುಂದಿನ ತಿಂಗಳು ಹ್ಯಾಲಿಫ್ಯಾಕ್ಸ್‌ನಲ್ಲಿ ರಾತ್ರಿ ಮನೆಗೆ ಹೋಗುತ್ತಿದ್ದ ಡೈಟನ್‌ನನ್ನು ಗುಂಡು ಹೊಡೆದು ಕೊಂದರು. ಅಲ್ಲಿಗೆ ಸರ್ಕಾರ ಎಚ್ಚೆತ್ತಿತು. 1770ರ ಏಪ್ರಿಲ್ 28ರಂದು ಯಾರ್ಕ್ ಹತ್ತಿರ ಹಾರ್ಟ್ಲಿಯನ್ನು ಗಲ್ಲಿಗೇರಿಸಿದರು. ಹೆಣವನ್ನು ಗುಡ್ಡ ಹತ್ತಿಸಿ ತಂದು ಇಲ್ಲಿ ಮಣ್ಣು ಮಾಡಿದರು. ಡೈಟನ್ ಕೊಲೆಯ ಇಬ್ಬರು ಆರೋಪಿಗಳೂ ಕೆಲವು ವರ್ಷದ ನಂತರ ನೇಣಿಗೆ ಹೋದರು.

ಸಮಾಧಿ ಕಲ್ಲು ಹಳೆ ಚರ್ಚಿನ ಅಂಗಳದಲ್ಲಿದೆ. ಬಂದವರು ಅದರ ಮೇಲೆ ಕಾಸು ಇಟ್ಟು ಹೋಗುತ್ತಾರೆ, ಗೌರವಕ್ಕೋ ತಮಾಷೆಗೋ. ಬಡವರ ಬಂಧು ಅಂತ ಅವನನ್ನು ಹೊಗಳುವವರು ಈಗಲೂ ಇದ್ದಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಬಡವರ ಹಸಿವು ನಿಜ, ಆದರೆ ಡೈಟನ್‌ಗೂ ಹೆಂಡತಿ ಮಕ್ಕಳಿದ್ದರು.

ಎಂಟು ಮೂಲೆಯ ಚಾಪೆಲ್ ಅಂದರೆ ಏನು?

ಮೆಥಡಿಸ್ಟ್ ಪಂಥದವರ ಪ್ರಾರ್ಥನಾ ಮಂದಿರ, 1764ರದ್ದು. ಪಂಥ ಕಟ್ಟಿದ ಜಾನ್ ವೆಸ್ಲಿಗೆ ಎಂಟು ಮೂಲೆಯ ಕಟ್ಟಡ ಇಷ್ಟ, ಬೋಧಕನ ದನಿ ಎಲ್ಲರಿಗೂ ಕೇಳುತ್ತದೆ. ಅವನೇ ಇಲ್ಲಿ ಬಂದು ಬೋಧನೆ ಮಾಡಿದ್ದಾನೆ. ಜನ ಜಾಸ್ತಿಯಾದರು ಅಂತ 1802ರಲ್ಲಿ ಒಂದು ಕಡೆ ಎಳೆದು ಉದ್ದ ಮಾಡಿದರು. ಹಾಗಾಗಿ ಈಗ ಅದು ಸ್ವಲ್ಪ ಉದ್ದುದ್ದ ಎಂಟು ಮೂಲೆ. ಚಾವಣಿಯ ಮರಗೆಲಸವನ್ನು ರಾದರ್‌ಹ್ಯಾಮ್‌ನಲ್ಲಿ ಮಾಡಿಸಿ, ಬಿಡಿಬಿಡಿಯಾಗಿ ಕುದುರೆ ಮೇಲೆ ಹೊರಿಸಿ ತಂದರು ಅನ್ನುವುದು ಊರಿನ ಮಾತು.

ಕವಿ ಸಿಲ್ವಿಯಾ ಪ್ಲಾತ್ ಅಮೆರಿಕದವಳಲ್ವಾ? ಅವಳ ಸಮಾಧಿ ಇಲ್ಲಿ ಹೇಗೆ?

ಗಂಡನ ಕಡೆಯ ಊರು. ಅವಳ ಗಂಡ, ಕವಿ ಟೆಡ್ ಹ್ಯೂಸ್ ಹುಟ್ಟಿದ್ದು 1930ರಲ್ಲಿ, ಕೆಳಗೆ ಕಣಿವೆಯ ಮೈಥಮ್‌ರಾಯ್ಡ್‌ನಲ್ಲಿ. ಅವನ ಅಪ್ಪ ಅಮ್ಮ ಆಮೇಲೆ ಹೆಪ್ಟನ್‌ಸ್ಟಾಲ್ ಪಕ್ಕದಲ್ಲೇ ಮನೆ ಮಾಡಿದ್ದರು. ಪ್ಲಾತ್ 1963ರ ಫೆಬ್ರವರಿಯಲ್ಲಿ ಲಂಡನ್‌ನಲ್ಲಿ ತೀರಿಕೊಂಡಳು, ಮೂವತ್ತು ವರ್ಷ. ಆಗ ಅವರಿಬ್ಬರೂ ಬೇರೆ ಬೇರೆ ಇದ್ದರು. ಇಲ್ಲಿಗೆ ತಂದು ಮಣ್ಣು ಮಾಡಿದರು. ಸಮಾಧಿ ಹಳೆ ಅಂಗಳದಲ್ಲಿ ಹುಡುಕಬೇಡಿ, ಓಣಿ ದಾಟಿ ಹೊಸ ಸ್ಮಶಾನದಲ್ಲಿದೆ. ಓದುಗರು ಅಲ್ಲಿ ಪೆನ್ನು ಇಟ್ಟು ಹೋಗುತ್ತಾರೆ. ಕಲ್ಲಿನ ಮೇಲೆ ಪ್ಲಾತ್ ಹೆಸರಿನ ಮುಂದೆ ಹ್ಯೂಸ್ ಎಂದೂ ಇದೆ. ಗಂಡನ ಮೇಲಿನ ಸಿಟ್ಟಿಗೆ ಆ ಹೆಸರನ್ನು ಯಾರ‍್ಯಾರೋ ಹಲವು ಸಲ ಕೆತ್ತಿ ತೆಗೆದಿದ್ದಾರೆ. ಪ್ರತಿ ಸಲ ಮತ್ತೆ ಹಾಕಿಸಿದ್ದಾರೆ.

ಆ ಕಲ್ಲಿನ ಮೇಲೆ ಭಗವದ್ಗೀತೆಯ ಸಾಲು ಇದೆಯಂತೆ?

ಹಾಗಂತ ಬಹಳ ಕಡೆ ಬರೆದಿದ್ದಾರೆ. ಧಗಧಗ ಉರಿಯುವ ಬೆಂಕಿಯ ನಡುವೆಯೂ ಬಂಗಾರದ ತಾವರೆಯನ್ನು ನೆಡಬಹುದು ಅನ್ನುವ ಅರ್ಥದ ಸಾಲು. ಅಮ್ಮನಿಗೆ ನಾನೂ ಗೀತೆಯದು ಅಂತಲೇ ಹೇಳಿದ್ದೆ. ಅವರು ದಿನಾ ಗೀತೆ ಓದುವವರು. ಕಲ್ಲಿನ ಮುಂದೆ ನಿಂತು ಒಂದು ನಿಮಿಷ ಯೋಚಿಸಿದರು. “ಇದು ಯಾವ ಅಧ್ಯಾಯದಲ್ಲಿ ಬರುತ್ತೋ? ನನಗೆ ಗೊತ್ತಿರೋ ಗೀತೆಯಲ್ಲಿ ಇಲ್ಲವಲ್ಲ” ಅಂದರು. ಮನೆಗೆ ಬಂದು ಹುಡುಕಿದೆ. ಅಮ್ಮನೇ ಸರಿ. ಅದು ಚೀನಾದ ಹಳೆ ಕಥೆಯದು. ಬೌದ್ಧ ಭಿಕ್ಷುವಿನ ಜೊತೆ ಗ್ರಂಥ ತರಲು ಭಾರತದ ಕಡೆಗೆ ಹೊರಡುವ ಕಪಿವೀರನ ಕಥೆ. ಅಲ್ಲಿ ಗುರು ಆ ಕಪಿಗೆ ಗುಟ್ಟಿನ ವಿದ್ಯೆ ಹೇಳಿಕೊಡುವಾಗ ಈ ಮಾತು ಬರುತ್ತದೆ.

ಗುಡ್ ಫ್ರೈಡೇ ದಿನ ಏನೋ ನಾಟಕ ಆಡುತ್ತಾರಂತೆ?

ಪೇಸ್ ಎಗ್ ನಾಟಕ. ಟೌನ್‌ಗೇಟ್ ಪಕ್ಕದ ವೀವರ್ಸ್ ಸ್ಕ್ವೇರ್‌ನಲ್ಲಿ, ಬಯಲಲ್ಲೇ. ‘ಪೇಸ್’ ಅನ್ನುವುದು ಈಸ್ಟರ್‌ಗೆ ಇದ್ದ ಹಳೆ ಹೆಸರಿನಿಂದ ಬಂದದ್ದು. ಸೇಂಟ್ ಜಾರ್ಜ್ ಕತ್ತಿ ಹಿಡಿದು ಒಬ್ಬೊಬ್ಬರನ್ನೇ ಎದುರಿಸುತ್ತಾನೆ. ಸತ್ತವನನ್ನು ಬದುಕಿಸಲು ಜಂಬದ ವೈದ್ಯ ಬರುತ್ತಾನೆ. ಟಾಸ್ ಪಾಟ್ ಅನ್ನುವ ಕೋಡಂಗಿ ಜನರ ಮಧ್ಯೆ ನುಗ್ಗಿ ಕೀಟಲೆ ಮಾಡುತ್ತಾನೆ. ಬಣ್ಣದ ಕಾಗದದ ಹೂವು ಸಿಕ್ಕಿಸಿದ ಕಿರೀಟ, ಪ್ರಾಸದ ಮಾತು, ಪ್ರೇಕ್ಷಕರ ಕೂಗು. ಮಾತು ಅರ್ಧಂಬರ್ಧ ಅರ್ಥವಾದರೂ ನಮ್ಮ ಊರಿನ ಬಯಲಾಟ ನೋಡಿ ಬೆಳೆದವರಿಗೆ ಏನೂ ತೊಂದರೆ ಆಗದು. ಬೇಗ ಹೋಗಿ, ಇಲ್ಲದಿದ್ದರೆ ಮುಂದಿನವರ ಟೋಪಿ ಮಾತ್ರ ಕಾಣುತ್ತದೆ.

ಇಲ್ಲಿನ ವಿಶೇಷ ತಿಂಡಿ ಏನು?

ಡಾಕ್ ಪುಡಿಂಗ್. ಪುಡಿಂಗ್ ಅಂದ ಕೂಡಲೇ ಸಿಹಿ ಅಂದುಕೊಳ್ಳಬೇಡಿ. ವಸಂತದಲ್ಲಿ ಹೊಲದ ಅಂಚಿನಲ್ಲಿ ಬೆಳೆಯುವ ಒಂದು ಜಾತಿಯ ಕಾಡುಸೊಪ್ಪು, ತುರಿಕೆ ಗಿಡದ ಚಿಗುರು, ಈರುಳ್ಳಿ, ಓಟ್ಸ್, ಎಲ್ಲ ಸೇರಿಸಿ ಬೇಯಿಸಿ, ಹಂದಿ ಕೊಬ್ಬಿನಲ್ಲಿ ಹುರಿಯುತ್ತಾರೆ. ಕಡು ಹಸಿರು, ನೋಡಲು ಅಷ್ಟೇನೂ ಚೆಂದವಿಲ್ಲ. ಮೈಥಮ್‌ರಾಯ್ಡ್‌ನಲ್ಲಿ ಇದರ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತದೆ. ವಿಶ್ವ ಅಂದರೆ ಕಾಲ್ಡರ್ ಕಣಿವೆ ಅಂತ ಓದಿಕೊಳ್ಳಿ. ಸಸ್ಯಾಹಾರಿಗಳು ಎಣ್ಣೆಯಲ್ಲಿ ಹುರಿದು ತಿನ್ನಬಹುದು. ನಾನು ಒಗ್ಗರಣೆ ಹಾಕಿ ನೋಡಿದ್ದೇನೆ, ಇಲ್ಲಿನವರಿಗೆ ಹೇಳಬೇಡಿ.

ಊರಿನ ಜನ ಹೇಗೆ?

ಮಾತು ಕಮ್ಮಿ, ಮನಸ್ಸು ಒಳ್ಳೆಯದು. ನೀವು ಮೊದಲು ಹವಾಮಾನದ ಬಗ್ಗೆ ಮಾತು ತೆಗೆದರೆ ಸಾಕು. 1970ರ ದಶಕದಲ್ಲಿ ಗಿರಣಿಗಳು ಮುಚ್ಚಿ ಹೆಬ್ಡನ್ ಬ್ರಿಡ್ಜ್‌ನಲ್ಲಿ ಮನೆಗಳು ಖಾಲಿ ಬಿದ್ದಿದ್ದಾಗ ಕಲಾವಿದರು, ಬರಹಗಾರರು, ಉದ್ದ ಕೂದಲಿನ ಹಿಪ್ಪಿಗಳು ಅಗ್ಗಕ್ಕೆ ಸಿಗುತ್ತದೆ ಅಂತ ಬಂದು ಸೇರಿದರು. ಊರಿನ ಕೆಳಗೆ ಹ್ಯೂಸ್‌ಗೆ ಸೇರಿದ್ದ ಲಂಬ್ ಬ್ಯಾಂಕ್ ಅನ್ನುವ ದೊಡ್ಡ ಮನೆ 1975ರಿಂದ ಬರೆಯುವವರಿಗೆ ತರಬೇತಿ ಕೊಡುವ ಜಾಗವಾಯಿತು. ಈಗ ಅಗ್ಗ ಅನ್ನುವ ಮಾತೇ ಇಲ್ಲ. ಲೀಡ್ಸ್, ಮ್ಯಾಂಚೆಸ್ಟರ್‌ಗೆ ಕೆಲಸಕ್ಕೆ ಹೋಗುವವರೇ ಜಾಸ್ತಿ. ನೇಕಾರರ ಮನೆಯಲ್ಲಿ ಇಂದು ನೇಕಾರ ಬಾಡಿಗೆಗೂ ಇರಲಾರ.

2015ರ ಕ್ರಿಸ್‌ಮಸ್ ಮರುದಿನ ಕಣಿವೆಗೆ ಭಾರಿ ಪ್ರವಾಹ ಬಂದು ಹೆಬ್ಡನ್ ಬ್ರಿಡ್ಜ್ ಮುಳುಗಿತು. ಕೆಳಗೆ ಯಾಕೆ ಊರು ಕಟ್ಟಲಿಲ್ಲ ಅಂತ ಕೇಳುವವರಿಗೆ ನಾನು ಅಂದಿನ ಫೋಟೋ ತೋರಿಸುತ್ತೇನೆ.

ಕಲ್ಲೆಲ್ಲ ಯಾಕೆ ಇಷ್ಟು ಕಪ್ಪು?

ಗಿರಣಿ ಹೊಗೆ. ಇಲ್ಲಿನ ಮರಳುಗಲ್ಲು ಮೂಲದಲ್ಲಿ ಜೇನಿನ ಬಣ್ಣದ್ದು. ನೂರು ವರ್ಷಕ್ಕೂ ಹೆಚ್ಚು ಕಾಲ ಕೆಳಗಿನ ಚಿಮಣಿಗಳ ಮಸಿ ಕುಡಿದು ಹೀಗಾಗಿದೆ.

ಹೋಗುವುದು ಹೇಗೆ? ವಯಸ್ಸಾದವರು ಹತ್ತಬಹುದಾ?

ಲೀಡ್ಸ್‌ನಿಂದಲೂ ಮ್ಯಾಂಚೆಸ್ಟರ್ ವಿಕ್ಟೋರಿಯಾದಿಂದಲೂ ಹೆಬ್ಡನ್ ಬ್ರಿಡ್ಜ್‌ಗೆ ನೇರ ರೈಲು ಇದೆ, ಒಂದು ಗಂಟೆಯೊಳಗೆ ತಲುಪುತ್ತೀರಿ. ಅಲ್ಲಿಂದ ಪುಟ್ಟ ಬಸ್ಸು ಮೇಲೆ ಹೋಗುತ್ತದೆ. ಹಿರಿಯರು ಇದ್ದರೆ ಬಸ್ಸಿನಲ್ಲೇ ಹತ್ತಿಸಿ. ಕಾರಿನಲ್ಲಿ ಬಂದರೆ ಟೌನ್‌ಗೇಟ್ ಒಳಗೆ ನುಗ್ಗಿಸಬೇಡಿ, ಬೀದಿ ಕಿರಿದು, ಎದುರಿಗೆ ಇನ್ನೊಂದು ಕಾರು ಬಂದರೆ ಇಬ್ಬರ ಮರ್ಯಾದೆಯೂ ಹೋಗುತ್ತದೆ.

ಬೇಸಿಗೆಯಲ್ಲೂ ಜರ್ಕಿನ್ ಬೇಕು. ಅಡಿ ಗಟ್ಟಿಯಾಗಿ ಕಚ್ಚುವ ಶೂ ಬೇಕು. ಒಂದು ಸಲ ಸಂಜೆ ಕೊನೆಯ ಬಸ್ಸು ಬರಲೇ ಇಲ್ಲ. ಮಳೆಯಲ್ಲಿ ಬಟ್ರೆಸ್ ಇಳಿಯಬೇಕಾಯಿತು. ಕಲ್ಲುಗಳು ಎಣ್ಣೆ ಸವರಿದ ಹಾಗೆ ಜಾರುತ್ತಿದ್ದವು. ಭಾವ ಒಂದು ಕೈಯಲ್ಲಿ ಕಬ್ಬಿಣದ ಕಂಬಿ, ಇನ್ನೊಂದರಲ್ಲಿ ನನ್ನ ಕಾಲರ್ ಹಿಡಿದು ಒಂದೊಂದೇ ಹೆಜ್ಜೆ ಅಡ್ಡಡ್ಡ ಇಟ್ಟು ಇಳಿದರು. ಮೇಲಿನಿಂದ ಒಬ್ಬ ಅಜ್ಜಿ, ಎಂಬತ್ತರ ಆಸುಪಾಸು, ಕೈಯಲ್ಲಿ ಸಾಮಾನಿನ ಚೀಲ, ನಮ್ಮನ್ನು ದಾಟಿ ಸರಸರ ಇಳಿದು ಹೋದರು. ಹೋಗುವಾಗ “ಇವತ್ತು ಪರವಾಗಿಲ್ಲ, ಒಣ ದಿನವೇ” ಅಂದರು.